ಲೀಟರ್ ಲೆಕ್ಕ

(ಚಿಕ್ಕಪೇಟೆಯ ಒಂದು ಬ್ಯಾಗ್ ಅಂಗಡಿ. ಗಂಡ 65 ಲೀಟರಿನ ಬ್ಯಾಗು ಹೆಗಲಿಗೇರಿಸಿ ಕನ್ನಡಿ ಮುಂದೆ ನಿಂತಿದ್ದಾನೆ. ಬ್ಯಾಗು ಅವನ ತಲೆಗಿಂತ ಒಂದು ಗೇಣು ಮೇಲಿದೆ.)

ಹೆಂಡತಿ: ರೀ, ನಾವು ಹೋಗ್ತಿರೋದು ಕುಮಾರಪರ್ವತಕ್ಕೆ. ಮನೆ ಖಾಲಿ ಮಾಡ್ತಿಲ್ಲ.

ಗಂಡ: 1712 ಮೀಟರ್ ಕಣೇ! ಅಲ್ಲಿ ಏನು ಬೇಕಾಗತ್ತೋ ಯಾರಿಗೆ ಗೊತ್ತು?

ಹೆಂಡತಿ: ಇಸ್ತ್ರಿಪೆಟ್ಟಿಗೆಯಂತೂ ಬೇಕಾಗಲ್ಲ. ಊಟಕ್ಕೆ ದಾರೀಲಿ ಭಟ್ಟರ ಮನೆ ಇದೆ. 30 ಲೀಟರಿಂದು ಸಾಕು.

ಗಂಡ: ಅದು ಸ್ಕೂಲ್ ಬ್ಯಾಗ್ ಇದ್ದಂಗಿದೆ. ಫೋಟೋದಲ್ಲಿ ಟ್ರೆಕ್ಕಿಂಗ್ ಅಂತ ನಂಬ್ತಾರಾ?

ಅಂಗಡಿಯವ: ದೊಡ್ಡದಕ್ಕೆ ಸೊಂಟದ ಪಟ್ಟಿ ಇದೆ ಸಾರ್. ಹೆಗಲ ಭಾರ ಸೊಂಟಕ್ಕೆ ಇಳಿಯುತ್ತೆ.

ಹೆಂಡತಿ: ಇವರ ಸೊಂಟಕ್ಕೆ ಡಾಕ್ಟರು ಆಗಲೇ ಒಂದು ಬೆಲ್ಟ್ ಕೊಟ್ಟಿದ್ದಾರೆ.

ಗಂಡ: ವಿಮಾನಕ್ಕೂ ಆಗುತ್ತಲ್ಲೇ...

ಹೆಂಡತಿ: ಸಾಮಾನ್ಯವಾಗಿ ಕ್ಯಾಬಿನ್ನಿಗೆ ಬಿಡೋದೇ 7 ಕೆ.ಜಿ. ಈ ಬ್ಯಾಗ್ ಖಾಲಿ ಇದ್ರೂ 2 ಕೆ.ಜಿ. ತೂಗುತ್ತೆ. ಉದ್ದ ನೋಡಿಯೇ ಲಗೇಜಿಗೆ ತಳ್ತಾರೆ.

(ಜಾಗ ಕಂಡರೆ ತುಂಬದೆ ಬಿಡುವ ಜಾತಿ ನಮ್ಮದಲ್ಲ. ಬಸ್ಸಿನ ಡಿಕ್ಕಿಯನ್ನು ಕೇಳಿ ನೋಡಿ.)

ಗಂಡ: ಆಯ್ತಮ್ಮ. 30 ಲೀಟರಿಂದೇ ಕೊಡಿ.

ಹೆಂಡತಿ: ತಡೀರಿ. ನನ್ನ ಸ್ವೆಟರು, ರೇನ್‌ಕೋಟು, ಫ್ಲಾಸ್ಕು, ಚಕ್ಕುಲಿ ಡಬ್ಬಿ?

ಗಂಡ: ನಿನ್ನ ಬ್ಯಾಗಲ್ಲಿ.

ಹೆಂಡತಿ: ನಾನು ಬ್ಯಾಗ್ ಹೊರ್ತೀನಿ ಅಂತ ನಿಮಗೆ ಯಾರು ಹೇಳಿದ್ದು?

(ಅಂಗಡಿಯವ ಮಾತಿಲ್ಲದೆ 50 ಲೀಟರಿನದನ್ನು ಕೊಕ್ಕೆಯಿಂದ ಇಳಿಸುತ್ತಾನೆ.)