12400 ದೊಡ್ಡದೋ, 5600 ದೊಡ್ಡದೋ?

ಲೆಕ್ಕದ ಪ್ರಕಾರ ಇದರಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಹನ್ನೆರಡು ಸಾವಿರದ ನಾನೂರು ಎಂದರೆ ಐದು ಸಾವಿರದ ಆರುನೂರರ ಎರಡು ಪಟ್ಟಿಗೂ ಮೇಲೆ. ಕಮಲಾಪುರದಲ್ಲಿ ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಲ್ಲವನ್ನೂ ಒಂದೇ ಕೋಣೆಯಲ್ಲಿ ನಡೆಸುವ ಕಾಕಾ ಅವರ ವಾದವೂ ಇದೇ. ‘ಇಂಟೆಲ್ ಐ5ದು 12400. ಎಎಮ್‌ಡಿ ರೈಜನ್ 5ದು 5600. ಯಾವುದು ಜೋರ್ ಅಂತ ಹೇಳ್ಲಾಕ ಇಂಜಿನಿಯರಿಂಗ್ ಯಾಕ ಓದಬೇಕೋ ತಮ್ಮಾ?’

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವರ ಅಣ್ಣನ ಮಗ ತಲೆ ತಲೆ ಬಡಿದುಕೊಂಡ.

ಹಾಗೆಂದು ಕಾಕಾ ಅವರನ್ನು ನೋಡಿ ನಗುವಂತಿಲ್ಲ. ಅಂಕಿ ತೋರಿಸಿ ಗಿರಾಕಿಯನ್ನು ಮರುಳು ಮಾಡುವ ಆಟ ಹಚ್ಚಿದವರು ಕಂಪನಿಯವರೇ. ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಮ್‌ಡಿ 1969ರಲ್ಲಿ. ಎರಡನ್ನೂ ಕಟ್ಟಿದವರು ಫೇರ್‌ಚೈಲ್ಡ್ ಎಂಬ ಒಂದೇ ಮನೆಯಿಂದ ಬೇರೆಯಾಗಿ ಬಂದವರು. ಪಾಲಾದ ಮನೆಗಳ ಪೈಪೋಟಿ ಎಂದಾದರೂ ತಣ್ಣಗಾಗುವುದುಂಟೇ? 2000ದ ಮಾರ್ಚ್ 6ಕ್ಕೆ ಎಎಮ್‌ಡಿ ಒಂದು ಗಿಗಾಹರ್ಟ್ಸ್‌ನ ಅಥ್ಲಾನ್ ಘೋಷಿಸಿದರೆ, ಎರಡೇ ದಿನಕ್ಕೆ ಇಂಟೆಲ್ ತನ್ನ ಒಂದು ಗಿಗಾಹರ್ಟ್ಸ್‌ನ ಪೆಂಟಿಯಮ್ 3 ತಂದು ಎದುರಿಗಿಟ್ಟಿತು. ಆಮೇಲೆ ಪೆಂಟಿಯಮ್ 4 ಬಂದು ಗಿಗಾಹರ್ಟ್ಸ್ ಏರಿಸುತ್ತಲೇ ಹೋಯಿತು. ಕಡಿಮೆ ಗಿಗಾಹರ್ಟ್ಸ್‌ನಲ್ಲೇ ಅದಕ್ಕೆ ಸರಿಸಾಟಿಯಾಗಿ ಕೆಲಸ ಮಾಡುತ್ತಿದ್ದ ಎಎಮ್‌ಡಿ ಚಿಪ್ಪನ್ನು ಮಾತ್ರ ಯಾರೂ ತಿರುಗಿ ನೋಡಲೊಲ್ಲರು. 2001ರಲ್ಲಿ ಆ ಕಂಪನಿಯೂ ಉಪಾಯ ಹೂಡಿತು: 1533 ಮೆಗಾಹರ್ಟ್ಸ್‌ನ ಅಥ್ಲಾನ್ ಎಕ್ಸ್‌ಪಿಗೆ ‘1800+’ ಎಂದು ಹೆಸರಿಟ್ಟಿತು. ಮುಂದೆ ಬರಬರುತ್ತ ಚಿಪ್ಪಿನ ಹೆಸರಿನಲ್ಲಿರುವ ಅಂಕಿ ಯಾವುದರ ಅಳತೆಯೂ ಅಲ್ಲದೆ ಬರೀ ಹೆಸರಾಯಿತು.

‘ಅಂಕಿ ಬಿಡ್ರಿ ಕಾಕಾ, ಬಾಲ ನೋಡ್ರಿ,’ ಎಂದ ಹುಡುಗ. 5600ಜಿ ಎಂಬುದರ ‘ಜಿ’ ಎಂದರೆ ಒಳಗೇ ಗ್ರಾಫಿಕ್ಸ್ ಇದೆ. ಇಂಟೆಲ್‌ನವರದು ಉಲ್ಟಾ ಲೆಕ್ಕ. ಬಾಲವಿಲ್ಲದ 12400ರಲ್ಲಿ ಗ್ರಾಫಿಕ್ಸ್ ಇದೆ, ‘ಎಫ್’ ಎಂಬ ಬಾಲ ಹಚ್ಚಿದ 12400ಎಫ್‌ನಲ್ಲಿ ಇಲ್ಲ. ನಾಲ್ಕು ಕಾಸು ಉಳಿಯಿತೆಂದು ಎಫ್ ತಂದು ಜೋಡಿಸಿದವರು ಮಾನಿಟರ್ ಕಪ್ಪಗೇ ಕೂತಾಗ ಗ್ರಾಫಿಕ್ಸ್ ಕಾರ್ಡಿಗೆಂದು ಮತ್ತೆ ಕಿಸೆಗೆ ಕೈ ಹಾಕಬೇಕು.

ಅಂಕಿಯ ಬಾಲಕ್ಕೆ ಎಷ್ಟು ತೂಕವಿರುತ್ತದೆಂದು ಕಾಕಾ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ, ಈ ಭಾಗದವರಿಗೆ ಮೀಸಲಾತಿ ತಂದ 371-ಜೆ ತಿದ್ದುಪಡಿಯ ಆ ಒಂದು ‘ಜೆ’ಯಿಂದಾಗಿ ಕಾಲೇಜು ಪ್ರವೇಶದ ದಿನಗಳಲ್ಲಿ ಅವರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

‘ಹಂಗಾರ ಈ ಜಿಗೂ ಏನರ ಮೀಸಲಾತಿ ಅದ ಏನು?’

‘ಅದ ಕಾಕಾ. ರ‍್ಯಾಮ್‌ನಾಗ.’

ಇದು ತಮಾಷೆಯ ಮಾತಲ್ಲ. ಚಿಪ್ಪಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತದ ಮೆಮೊರಿ ಇರುವುದಿಲ್ಲ. ಅದು ರ‍್ಯಾಮಿನ ಒಂದು ಪಾಲನ್ನು ತನಗೆಂದು ಕಾಯ್ದಿರಿಸಿಕೊಳ್ಳುತ್ತದೆ, ಇಂಟೆಲ್ ಆದರೂ ಅಷ್ಟೇ, ಎಎಮ್‌ಡಿ ಆದರೂ ಅಷ್ಟೇ. ಅದಕ್ಕೇ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಹಾಕಿಸುವುದು ಲೇಸು. ಎರಡು ಚಾನೆಲ್ ತೆರೆದುಕೊಂಡು ಗ್ರಾಫಿಕ್ಸ್‌ಗೆ ಜೀವ ಬರುತ್ತದೆ. ‘ಮುಂದ ಇನ್ನೊಂದು ಹಾಕಿಸಿದರಾಯ್ತು’ ಎಂದು ಒಂದೇ ಕಡ್ಡಿಯಲ್ಲಿ ಮುಗಿಸಿದವರಿಗೆ ಆ ‘ಮುಂದ’ ಬರುವುದು ಕಡಿಮೆ.

ಇನ್ನು ಜಾತಕ ಕೂಡಿಸಿ ನೋಡಿದರೆ, 12400, 5600ಜಿ ಎರಡಕ್ಕೂ 6 ಕೋರ್, 12 ಥ್ರೆಡ್. ಟರ್ಬೊದಲ್ಲಿ ಎರಡೂ 4.4 ಗಿಗಾಹರ್ಟ್ಸ್ ಮುಟ್ಟುತ್ತವೆ. ಮೂಲ ವೇಗ ಮಾತ್ರ ಇಂಟೆಲ್‌ದು 2.5, ಎಎಮ್‌ಡಿಯದು 3.9. ಇದನ್ನು ಕೇಳಿ ಕಾಕಾ ಒಂದು ಗಳಿಗೆ ಪಕ್ಷಾಂತರ ಮಾಡಿದರು. ಆದರೆ ಗಿಗಾಹರ್ಟ್ಸ್ ಹೇಳುವುದು ಸೆಕೆಂಡಿಗೆ ಎಷ್ಟು ಸುತ್ತು ಎಂದಷ್ಟೇ. ಒಂದು ಸುತ್ತಿನಲ್ಲಿ ಎಷ್ಟು ಕೆಲಸ ಎಂಬುದು ಬೇರೆ ಮಾತು. 2022ರ ಜನವರಿಯಲ್ಲಿ ಬಂದ 12400, ಹಿಂದಿನ ಆಗಸ್ಟ್‌ನಲ್ಲಿ ಅಂಗಡಿಗೆ ಬಂದ 5600ಜಿಗಿಂತ ಒಂದು ಸುತ್ತಿಗೆ ಹೆಚ್ಚು ಕೆಲಸ ಮುಗಿಸುತ್ತದೆ. ಕಾಕಾ ಮರಳಿ ಮಾತೃಪಕ್ಷ ಸೇರಿದರು.

ಇದನ್ನೆಲ್ಲ ಅಳೆಯಲು ಜಗತ್ತು ನೆಚ್ಚಿಕೊಂಡಿರುವ ಸಾಧನಗಳಲ್ಲಿ ಸಿನಿಬೆಂಚ್ ಒಂದು. ಜರ್ಮನಿಯ ಮ್ಯಾಕ್ಸನ್ ಕಂಪನಿಯ ಈ ತಂತ್ರಾಂಶ ಚಿಪ್ಪಿನ ಕೈಯಲ್ಲಿ ಒಂದು 3ಡಿ ಚಿತ್ರವನ್ನು ಚೌಕ ಚೌಕವಾಗಿ ಬಿಡಿಸಿ ಅಂಕ ಕೊಡುತ್ತದೆ. ಅದರಲ್ಲಿ 12400 ಮುಂದು, ಒಂದೇ ಕೋರಿನ ಪರೀಕ್ಷೆಯಲ್ಲಿ ಇನ್ನೂ ಮುಂದು. ಒಳಗಿನ ಗ್ರಾಫಿಕ್ಸ್ ನಂಬಿ ಆಟ ಆಡುವುದಾದರೆ 5600ಜಿಯ ವೇಗಾ, ಇಂಟೆಲ್‌ನ ಯುಎಚ್‌ಡಿ 730ಯನ್ನು ಬಹಳ ಹಿಂದೆ ಬಿಡುತ್ತದೆ. ಈ ಕೊನೆಯ ವಾಕ್ಯವನ್ನು ಹುಡುಗ ತುಸು ಮೆಲ್ಲಗೆ ಹೇಳಿದ.

‘ನಮ್ಮ ಅಂಗಡ್ಯಾಗ 3ಡಿ ಚಿತ್ರ ಯಾರು ಬಿಡಸ್ತಾರೋ?’ ಎಂದು ಕಾಕಾ ಕೇಳಿದ್ದು ನ್ಯಾಯವೇ. ಅಲ್ಲಿ ಆಗುವುದು ಲಗ್ನಪತ್ರಿಕೆ, ಶ್ರದ್ಧಾಂಜಲಿ, ಜಾತ್ರೆಯ ಕರಪತ್ರ. ಅದೂ ಪೇಜ್‌ಮೇಕರ್‌ನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಮನೆ-ಅಂಗಡಿಯ ಡೆಸ್ಕ್‌ಟಾಪಿಗೆ ಎರಡು ಕೋರಿನ ಚಿಪ್ಪು ಬಂದದ್ದು 2005ರಲ್ಲಿ. ಒಂದಕ್ಕಿಂತ ಹೆಚ್ಚು ಕೋರ್ ಇರಬಹುದೆಂಬ ಕಲ್ಪನೆಯೇ ಆ ತಂತ್ರಾಂಶಕ್ಕಿಲ್ಲ. ಕಾಕಾ ‘ನುಡಿ’ ತಂತ್ರಾಂಶದಲ್ಲಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂದು ಕುಟ್ಟುತ್ತಿದ್ದರೆ, ತೊಗರಿ ರಾಶಿಗೆಂದು ಕೂಲಿ ಕೊಟ್ಟು ಕರೆಸಿದ ಆರು ಆಳುಗಳಲ್ಲಿ ಒಬ್ಬನೇ ಬೆವರು ಸುರಿಸುತ್ತ, ಐವರು ಬೇವಿನ ನೆರಳಲ್ಲಿ ಎಲಿ-ಅಡಿಕಿ ಹಾಕುತ್ತ ಕೂತಂತಾಗುತ್ತದೆ.

ಯಾವ ಬೆಂಚ್‌ಮಾರ್ಕೂ ಎಣಿಸದ ಇನ್ನೊಂದು ಸಂಗತಿ ಕಲಬುರಗಿಯ ಬಿಸಿಲು. ಚಿಪ್ಪುಗಳ ಪರೀಕ್ಷೆ ನಡೆಯುವುದು 25 ಡಿಗ್ರಿ ಆಸುಪಾಸಿನ ತಂಪು ಕೋಣೆಗಳಲ್ಲಿ. ಇಲ್ಲಿ ಮೇ ತಿಂಗಳಲ್ಲಿ 42 ಎಂದರೆ ಜನ ‘ಇವತ್ತ ಸ್ವಲ್ಪ ಬೇಷಿ’ ಎನ್ನುತ್ತಾರೆ. ಚಿಪ್ಪಿನ ಮೇಲಿನ ಫ್ಯಾನು ಕೋಣೆಯ ಗಾಳಿಯನ್ನೇ ಬೀಸುವುದರಿಂದ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಗಾಳಿಗಿಂತ 45 ಡಿಗ್ರಿ ಮೇಲೆ ಓಡುವ ಚಿಪ್ಪು ಆ ತಂಪು ಕೋಣೆಯಲ್ಲಿ 70ರಲ್ಲಿದ್ದರೆ, ತಗಡಿನ ಮಾಡಿನ ಕೆಳಗೆ 87ಕ್ಕೆ ಏರಿ ಕೂರುತ್ತದೆ. 5600ಜಿಯ ಎಲ್ಲೆ 95, 12400ದು 100. ಎಲ್ಲೆ ಮುಟ್ಟಿದ ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕಾಕಾ ಅವರ ಹಳೆಯ ಕಂಪ್ಯೂಟರಿನ ಬಗಲು ಬಿಚ್ಚಿ ನೋಡಿದರೆ, ಅಲ್ಯುಮಿನಿಯಂ ಪಟ್ಟಿಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿ, ಎಳೆದರೆ ಇಡಿಯಾಗಿ ಎದ್ದು ಬಂತು. ಒಳಗೊಂದು ಹಲ್ಲಿಯ ಮೊಟ್ಟೆಯೂ ಇತ್ತು.

ಇಷ್ಟಾದ ಮೇಲೆ ಕಾಕಾ, ಅಣ್ಣನ ಮಗ ಇಬ್ಬರೂ ಹುಮನಾಬಾದ್ ಕಡೆಯಿಂದ ಬರುವ ಬಸ್ ಹತ್ತಿ ಕಲಬುರಗಿಗೆ ಹೊರಟರು. ಕೈಯಲ್ಲಿ ಒಂದು ಪೆನ್ ಡ್ರೈವ್, ಚೀಲದಲ್ಲಿ ಒಂದು ಹಣಿಗೆ ಕಮಲಾಪುರದ ಕೆಂಪು ಬಾಳೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣು ರಿಯಾಯಿತಿ ದರಕ್ಕೆ ದಾರಿ ಮಾಡುತ್ತದೆಂಬುದು ಕಾಕಾ ಅವರ ನಂಬಿಕೆ. ಸೂಪರ್ ಮಾರ್ಕೆಟ್ ಕಡೆಯ ಕಂಪ್ಯೂಟರ್ ಅಂಗಡಿಯವರು ಹಣ್ಣು ಸುಲಿದು ತಿಂದು ‘ಭಾಳ ಛಲೋ ಅವ’ ಎಂದರು. ದರದ ಸುದ್ದಿ ಎತ್ತಲಿಲ್ಲ.

ಪೆನ್ ಡ್ರೈವಿನಲ್ಲಿ ಕಾಕಾ ಅವರ ಸ್ವಂತ ಬೆಂಚ್‌ಮಾರ್ಕ್ ಇತ್ತು: ಗಣಪತಿಯಿಂದ ಹಿಡಿದು ಸೋದರಮಾವಂದಿರ ಹೆಸರಿನವರೆಗೆ ತುಂಬಿ ತುಳುಕುವ ಒಂದು ಲಗ್ನಪತ್ರಿಕೆ, ಮತ್ತು ಫೋಟೋಶಾಪಿನ ಭಾರೀ ಆಲ್ಬಮ್ ಪುಟ. ಅಕ್ಕಪಕ್ಕದ ಎರಡು ಯಂತ್ರಗಳಲ್ಲಿ ಎರಡನ್ನೂ ತೆರೆದರು. ಕಾಕಾ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎರಡೂ ತೆರೆದುಕೊಂಡಿದ್ದವು. ಮತ್ತೆ ಮುಚ್ಚಿ ತೆರೆಸಿದರು. ಈ ಸಲ ಕಣ್ಣು ಮಿಟುಕಿಸದೆ ನೋಡಿದರೂ ಗೆದ್ದವರಾರೆಂದು ತಿಳಿಯಲಿಲ್ಲ.

‘ಊರಾಗಿನ ಮಷಿನ್ ಚಾಲೂ ಮಾಡಿ ಊದಿನಕಡ್ಡಿ ಹಚ್ಚಿ, ಚಾ ಕುಡದು ಬಂದ್ರೂ ತಿರಗ್ತಿರತದಲ್ಲ?’

ಮೂಲೆಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದ ಅಂಗಡಿಯ ಹುಡುಗ ತಲೆಯೆತ್ತದೆ ಅಂದ: ‘ಅದು ಪ್ರೊಸೆಸರ್ ತಪ್ಪಲ್ರೀ. ಹಾರ್ಡ್ ಡಿಸ್ಕ್ ಅದ ನೋಡ್ರಿ, ತೆಗದು ಎಸ್‌ಎಸ್‌ಡಿ ಹಾಕಸ್ರಿ, ಸಾಕು.’ ಮಾಲೀಕರು ಅವನನ್ನು ನೋಡಿದ ನೋಟದಲ್ಲಿ 12400ರ ಟರ್ಬೊ 117 ವ್ಯಾಟ್ ಪೂರ್ತಿ ಇತ್ತು.

ಆದರೆ ಹೊಸದು ಕೊಳ್ಳಲೆಂದು ಮನೆಯಲ್ಲಿ ಹೇಳಿ ಬಂದವರು ಬರಿಗೈಯಲ್ಲಿ ತಿರುಗುವುದುಂಟೇ? ಎಸ್‌ಎಸ್‌ಡಿ ಹಳೆಯದಕ್ಕೂ ಇರಲಿ, ಹೊಸ ಯಂತ್ರವೂ ಬರಲಿ ಎಂದಾಯಿತು. ವೇಗದಲ್ಲಿ ಫರಕು ಕಾಣದ ಮೇಲೆ ಕಾಕಾ ಎರಡೂ ಬಿಲ್ ಬರೆಸಿ ನೋಡಿದರು. ಬೋರ್ಡೂ ಸೇರಿ ಎಎಮ್‌ಡಿ ಅಗ್ಗಕ್ಕೆ ಬಂತು. ಸ್ಕ್ರೂ ಹುಡುಗ ಚಿಪ್ಪಿನ ಅಂಚು ಎರಡು ಬೆರಳಲ್ಲಿ ಹಿಡಿದು, ಹೊಟ್ಟೆಯಡಿಯ 1331 ಸೂಜಿಕಾಲುಗಳಲ್ಲಿ ಒಂದೂ ಬಾಗದಂತೆ, ಮೂಲೆಯ ಬಂಗಾರದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಇಟ್ಟ. ಒತ್ತಲಿಲ್ಲ, ಅದು ತಾನಾಗಿ ಕೂತಿತು. ಉಸಿರು ಬಿಗಿಹಿಡಿದು ನಿಂತಿದ್ದ ಕಾಕಾ ಆಮೇಲೆ ಉಸಿರು ಬಿಟ್ಟರು.

ಹೊಸ ಯಂತ್ರದಲ್ಲಿ ಅರ್ಜಿ ತುಂಬಲು ಕೂತ ಮೊದಲ ದಿನವೇ ದೂರದ ಯಾವುದೋ ಸರ್ವರ್ ದುಂಡಗೆ ತಿರುಗುತ್ತ ನಿಂತಿತು. 12 ಥ್ರೆಡ್‌ಗಳೂ ಒಟ್ಟಿಗೆ ಕಾದವು.

ಅಣ್ಣನ ಮಗ ಮಾತ್ರ ಈಗ ವಾರಕ್ಕೊಮ್ಮೆ ತಪ್ಪದೆ ಊರಿಗೆ ಬರುತ್ತಾನೆ. ರಾತ್ರಿ ಶಟರ್ ಅರ್ಧ ಇಳಿದ ಮೇಲೆ ಅಂಗಡಿಯೊಳಗಿಂದ ಕಾರು ಡಿಕ್ಕಿ ಹೊಡೆಯುವ ಸದ್ದು, ಪೊಲೀಸರ ಸೈರನ್ನು. ‘ವೇಗಾ ಟೆಸ್ಟಿಂಗ್ ನಡದದ ಕಾಕಾ,’ ಎನ್ನುತ್ತಾನೆ. ಜಿಟಿಎ 5 ಎಂಬ ಆ ಟೆಸ್ಟಿಂಗಿಗೆ ಓಣಿಯ ಇನ್ನೂ ನಾಲ್ಕು ಹುಡುಗರು ಬಂದು ಬಾಗಿಲಲ್ಲಿ ಪಾಳಿ ಹಚ್ಚಿದ್ದನ್ನು ಕಂಡ ಕಾಕಾ ಒಂದು ಮಾತೂ ಬೈಯಲಿಲ್ಲ. ಝೆರಾಕ್ಸ್ ದರದ ಪಟ್ಟಿಯ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದರು: ‘ಟೆಸ್ಟಿಂಗ್, ತಾಸಿಗೆ 30 ರೂ. ಉದ್ರಿ ಇಲ್ಲ.’