ಸುತ್ತೋಲೆ ರಾಯರು

ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಸುತ್ತೋಲೆ ರಾಯರು ಗೊತ್ತು. ಊರೂರಿಗೆ ಅವರ ಹೆಸರು ಬೇರೆ, ಒಕ್ಕಣೆ ಮಾತ್ರ ಒಂದೇ.

ಮಾತಿಗೆ ಕೂತರೆ ಅವರಷ್ಟು ಸಲೀಸಾದ ಮನುಷ್ಯ ಇನ್ನೊಬ್ಬರಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿದ ಮುದುಕಿಗೆ, "ಅಜ್ಜಿ, ಪಾಸ್‌ಬುಕ್ ಜೆರಾಕ್ಸ್ ಒಂದಿಲ್ಲ ನೋಡಿ. ತಂದ್ಕೊಡಿ, ಆಗೋಗುತ್ತೆ" ಅನ್ನುತ್ತಾರೆ. ಅಜ್ಜಿ ತಲೆಯಾಡಿಸುತ್ತಾಳೆ. ಪಕ್ಕದಲ್ಲಿದ್ದ ಮೊಮ್ಮಗ ಸುಮ್ಮನಿರದೆ, "ಅದನ್ನೇ ಬರೆದುಕೊಡಿ ಸಾರ್" ಅಂದನೋ, ಕೆಟ್ಟಿತು. ರಾಯರು ಕನ್ನಡಕ ಏರಿಸುತ್ತಾರೆ. ಹಿಂಬರಹ ಇಳಿಯುತ್ತದೆ:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಅರ್ಜಿಯೊಂದಿಗೆ ಕ್ರಮ ಸಂಖ್ಯೆ 4ರಲ್ಲಿ ನಮೂದಿಸಿರುವ ದಾಖಲೆಯನ್ನು ಲಗತ್ತಿಸದೇ ಇರುವುದು ಕಂಡುಬಂದಿರುವುದರಿಂದ, ಸದರಿ ದಾಖಲೆಯನ್ನು ಹಾಜರುಪಡಿಸತಕ್ಕದ್ದು; ತಪ್ಪಿದಲ್ಲಿ ಮುಂದಿನ ಆಗುಹೋಗುಗಳಿಗೆ ತಾವೇ ಹೊಣೆಗಾರರೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಹಿಂಬರಹದಲ್ಲಿ ಎಷ್ಟು ಹುಡುಕಿದರೂ 'ಪಾಸ್‌ಬುಕ್' ಎಂಬ ಮಾತು ಸಿಗುವುದಿಲ್ಲ. ಮೊಮ್ಮಗ ಎರಡು ಸಲ ಓದಿ ಬೆವರುತ್ತಾನೆ: "ಅಜ್ಜಿ, ನಿನ್ನ ಮೇಲೆ ಕೇಸ್ ಹಾಕವ್ರೆ ಕಣೇ!"

1963ರ ಕರ್ನಾಟಕ ರಾಜಭಾಷಾ ಅಧಿನಿಯಮದಂತೆ ಆಡಳಿತ ಭಾಷೆ ಕನ್ನಡ. ರಾಯರು ಅದನ್ನು ಚಾಚೂ ತಪ್ಪದೆ ಪಾಲಿಸುವವರು. ಅವರು ಬರೆದದ್ದು ಕನ್ನಡವೆಂದು ಅಜ್ಜಿಗಷ್ಟೇ ಗೊತ್ತಾಗುವುದಿಲ್ಲ.

ಓದುವವರು ಯಾರೆಂಬ ಪರಿವೆ ರಾಯರಿಗಿಲ್ಲ ಎಂದುಕೊಂಡೀರಿ! ಅವರಷ್ಟು ಖಚಿತವಾಗಿ ಓದುಗರನ್ನು ಕಂಡುಕೊಂಡ ಲೇಖಕರು ಸಾಹಿತ್ಯದಲ್ಲೂ ಕಡಿಮೆ. ಲಕೋಟೆಯ ಮೇಲೆ ಅಜ್ಜಿಯ ವಿಳಾಸ. ಒಳಗಿನ ಪತ್ರ ಮುಂದೆಂದೋ ಬರಲಿರುವ ಆಡಿಟ್‌ನವರಿಗೆ. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲಂತೂ ಯಾವ ಹಾಳೆಯನ್ನು ಯಾರು ಕೇಳುತ್ತಾರೋ ಎಂಬ ಹೆದರಿಕೆ ಬೇರೆ. ಹಾಗಾಗಿ ಅವರ ಕಡತದೊಳಗೆ ಮನುಷ್ಯರ ಸುಳಿವೇ ಇರದು. "ಪರಿಶೀಲಿಸಲಾಗಿದೆ." ಯಾರು? "ಕಂಡುಬಂದಿದೆ." ಯಾರಿಗೆ? "ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಯಾವಾಗ? ನಾಳೆ ವಿಚಾರಣೆ ನಡೆದರೂ ಸಿಕ್ಕಿಬೀಳಲು ಅಲ್ಲಿ ಒಬ್ಬ ಆಸಾಮಿಯೂ ಇಲ್ಲ.

ಹೊಸದಾಗಿ ಬಂದ ಎಳೆಯ ತಹಶೀಲ್ದಾರರು ಒಮ್ಮೆ, "ರಾಯರೇ, ಇದನ್ನು ಜನಕ್ಕೆ ಅರ್ಥವಾಗುವ ಹಾಗೆ ಒಂದು ಸಾಲಲ್ಲಿ ಬರೀಬಾರದೇ?" ಎಂದರು. ರಾಯರು ಮರುಕದಿಂದ ನೋಡಿದರು. "ಬರೀಬಹುದು ಸಾರ್. ಅರ್ಥ ಆದ್ರೆ ತಿರುಗಿ ಪ್ರಶ್ನೆ ಕೇಳ್ತಾರೆ."

ಅಂಥ ರಾಯರೂ ಜೀವನದಲ್ಲಿ ಒಂದು ಸರಳ ಪತ್ರ ಬರೆದಿದ್ದಾರೆ, ತಮ್ಮದೇ ವೈದ್ಯಕೀಯ ವೆಚ್ಚದ ಮರುಪಾವತಿಗೆ: "ಮಂಡಿ ಆಪರೇಷನ್ ಆಗಿದೆ. ಬಿಲ್ಲು ಇಟ್ಟಿದ್ದೇನೆ. ದಯವಿಟ್ಟು ಹಣ ಮಂಜೂರು ಮಾಡಿ." ಮಗು ಓದಿದರೂ ತಿಳಿಯಬೇಕು. ಬಿಲ್ಲು ಮೇಲಿನ ಕಚೇರಿಯಿಂದ ಒಂದೂವರೆ ಪುಟದ ಹಿಂಬರಹ ಹೊತ್ತು ವಾಪಸಾಯಿತು. ಏನು ಕಡಿಮೆಯಾಗಿದೆ, ಏನು ತರಬೇಕು, ರಾಯರಿಗೇ ಬಗೆಹರಿಯಲಿಲ್ಲ. ಹಣ ಬರುವ ಲಕ್ಷಣವೂ ಇಲ್ಲ. ಆದರೂ ಹಾಳೆಯನ್ನು ಮಡಿಸಿ ಜೇಬಿಗಿಡುತ್ತ, ಅಭಿಮಾನದಿಂದ ಹೇಳಿದರು: "ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ ನೋಡಿ, ಪುಣ್ಯಾತ್ಮ!"