ಕವಾಟಾಭಾಸ ಪ್ರಕರಣ: ಸರ್ವೋ ಇಲ್ಲದೆಯೂ ಇಸಿಯುವನ್ನು ಸಮಾಧಾನಪಡಿಸುವ ಶಾಸ್ತ್ರ

ಯಾವುದೇ ಶಾಸ್ತ್ರವಾಗಲಿ, ಅದನ್ನು ಓದಲು ಅಧಿಕಾರಿ ಯಾರು ಎಂದು ಮೊದಲು ತೀರ್ಮಾನವಾಗಬೇಕು. ಪ್ರಸ್ತುತ ಶಾಸ್ತ್ರದ ಅಧಿಕಾರಿಗೆ ಲಕ್ಷಣಗಳು ನಾಲ್ಕು. ಅವನಲ್ಲಿ ದೊಡ್ಡ ಬೈಕಿರಬೇಕು. ಕಂಪನಿಯ ಸೈಲೆನ್ಸರನ್ನು ಬಿಚ್ಚಿ ಅಟ್ಟಕ್ಕೆ ಹಾಕಿರಬೇಕು. ಅದರ ಜಾಗಕ್ಕೆ ತೂಕದಲ್ಲಿ ಹಗುರವೂ ಬೆಲೆಯಲ್ಲಿ ಭಾರವೂ ಆದ ಇನ್ನೊಂದನ್ನು ತರಿಸಿ ಕೂರಿಸಿರಬೇಕು. ಕೀ ತಿರುಗಿಸಿದೊಡನೆ ಮೀಟರಿನಲ್ಲಿ ಹತ್ತಿಕೊಳ್ಳುವ ಹಳದಿ ದೀಪದಿಂದ ನಿದ್ದೆ ಕೆಟ್ಟಿರಬೇಕು. ಮೊದಲ ಮೂರಿದ್ದು ನಾಲ್ಕನೆಯದಿಲ್ಲದವನು ಸ್ಥಿತಪ್ರಜ್ಞ. ಅವನಿಗೆ ಶಾಸ್ತ್ರ ಬೇಡ, ದೀಪದ ಮೇಲೆ ಅಂಟಿಸಲು ಒಂದು ಚೂರು ಇನ್ಸುಲೇಷನ್ ಟೇಪು ಸಾಕು.

ಇನ್ನು ವಿಷಯ. ಮೋಟರ್‌ಸೈಕಲ್ಲಿನ ಚರಿತ್ರೆಯನ್ನು ಕವಾಟಪೂರ್ವ, ಕವಾಟೋತ್ತರ ಎಂದು ಯಾರೂ ಯುಗವಿಭಾಗ ಮಾಡಿಲ್ಲ; ಮಾಡಬೇಕಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬೀಳುತ್ತಿದ್ದ ಯೆಜ್ದಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಎರಡರಲ್ಲೂ ತೆರೆದು ಮುಚ್ಚುವ ಬಾಗಿಲೆಂಬುದಿರಲಿಲ್ಲ. ಹೊಗೆ ತನಗೆ ತೋಚಿದ ಕಡೆಯಿಂದ ಹೋಗುತ್ತಿತ್ತು. ಯಮಹಾದವರು ಎಕ್ಸಪ್ ಎಂಬ ಕವಾಟವನ್ನು ಮಾಡಿ 1980ರ ದಶಕದ ತಮ್ಮ ಎಫ್‌ಝಡ್‌ಆರ್ ಗಾಡಿಗಳ ಎಕ್ಸಾಸ್ಟ್ ಪೈಪಿಗೆ ತೊಡಿಸಿದರು. ಅಲ್ಲಿಂದ ಹೊಗೆಗೂ ದ್ವಾರಪಾಲಕ ಬಂದ. ಸುಜುಕಿ, ಹೋಂಡಾ, ಕವಾಸಾಕಿಗಳೂ ಬೇರೆ ಬೇರೆ ಹೆಸರಿನಲ್ಲಿ ತಮ್ಮ ತಮ್ಮ ದ್ವಾರಪಾಲಕರನ್ನು ನೇಮಿಸಿಕೊಂಡವು.

ಈ ದ್ವಾರಪಾಲಕನ ಕೆಲಸವೇನು? ಎಕ್ಸಾಸ್ಟ್ ವಾಲ್ವ್ ತೆರೆದಾಗ ಬೆಂಡ್ ಪೈಪಿನೊಳಗೆ ಹೊಗೆಯ ಜೊತೆ ಒತ್ತಡದ ಅಲೆಯೊಂದು ಹೊರಡುತ್ತದೆ. ಕೊಳವೆಯ ತೆರೆದ ತುದಿ ಮುಟ್ಟಿದ ಅದು ಹೀರುವ ಅಲೆಯಾಗಿ ಹಿಂದಿರುಗುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕಿನ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಪಾಲು ಸಾಕು. ಬಿಸಿ ಹೊಗೆಯಲ್ಲಿ ಸೆಕೆಂಡಿಗೆ 500 ಮೀಟರಿನ ಆಸುಪಾಸು ಓಡುವ ಅಲೆ ಅಷ್ಟರಲ್ಲಿ ಐದು ಮೀಟರು ಅಲೆದಾಡಿರುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಗೆಯ ವಾಲ್ವುಗಳು ಒಟ್ಟಿಗೆ ತುಸು ತೆರೆದಿರುವ ಸಂಧಿಕಾಲಕ್ಕೆ ಹೀರುವ ಅಲೆ ಬಂದು ಸೇರಿದರೆ ಸಿಲಿಂಡರಿನ ಹಳೇ ಹೊಗೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಅದೇ ಹೊತ್ತಿಗೆ ತಳ್ಳುವ ಅಲೆ ಬಂದರೆ, ಹೊರಗೆ ಹೋದ ಹೊಗೆಯನ್ನೇ ಮತ್ತೆ ಒಳಗೆ ನೂಕುತ್ತದೆ. ಮೇಲಿನ ಆರ್‌ಪಿಎಂಗೆಂದು ಅಳತೆ ಮಾಡಿದ ಪೈಪಿನಲ್ಲಿ ಈ ಎರಡನೆಯ ಅನರ್ಥ ಕೆಳಗಿನ, ನಡುವಿನ ಆರ್‌ಪಿಎಂನಲ್ಲಿ ಕಾದು ಕೂತಿರುತ್ತದೆ. ಆಗ ಕವಾಟ ಅರ್ಧ ಮುಚ್ಚಿಕೊಂಡು ಆ ಅಲೆಯ ಸೊಕ್ಕು ಮುರಿಯುತ್ತದೆ. ಗ್ಯಾರೇಜಿನಲ್ಲಿ ಇಷ್ಟೂ ಭಾಷ್ಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ಪಿಕಪ್‌ಗೆ, ಸರ್.”

ಕಂಪನಿಗಳು ಮೆಲುದನಿಯಲ್ಲಿ ಹೇಳುವ ಇನ್ನೊಂದು ಪ್ರಯೋಜನವೂ ಇದೆ. ಸದ್ದಿನ ಪರೀಕ್ಷೆ ನಡೆಯುವ ವೇಗದಲ್ಲಿ ಕವಾಟ ವಿನಯದಿಂದ ಮುಚ್ಚಿಕೊಂಡಿದ್ದರೆ ಗಾಡಿ ಪಾಸಾಗುವುದು ಸಲೀಸು. ಅದರ ಮೇಲೆ ಹೆಚ್ಚು ಬರೆಯುವುದು ಶಾಸ್ತ್ರಕಾರನಿಗೆ ಭೂಷಣವಲ್ಲ.

ಈಗ ಪ್ರಮಾಣವಿಚಾರ. ಕವಾಟವನ್ನು ತಿರುಗಿಸುವುದು ಸೀಟಿನ ಕೆಳಗೋ ಟ್ಯಾಂಕಿನ ಕೆಳಗೋ ಅಡಗಿರುವ ಸರ್ವೋ: ಒಂದು ಪುಟ್ಟ ಮೋಟರು, ಹಲ್ಲಿನ ಚಕ್ರಗಳು, ಒಂದು ರಾಟೆ, ರಾಟೆಯಿಂದ ಕವಾಟಕ್ಕೆ ಎರಡು ಕೇಬಲ್. ಎಂಜಿನ್ನಿನ ಮಿದುಳಾದ ಇಸಿಯುವಿನಿಂದ ಅದಕ್ಕೆ ಐದು ವೈರು. ಎರಡು ಮೋಟರಿಗೆ, ಉಳಿದ ಮೂರು ಪೊಟೆನ್ಷಿಯೋಮೀಟರಿಗೆ, ಅಂದರೆ ಐದು ವೋಲ್ಟ್, ಅರ್ಥ್, ನಡುವೆ ವಾರ್ತೆ ತರುವ ಸಿಗ್ನಲ್. ಕೀ ಆನ್ ಮಾಡಿದಾಗ ಗುಂಯ್ ಎಂದು ಕೇಳುವುದು ಸರ್ವೋ ಒಮ್ಮೆ ಈ ಕೊನೆಯಿಂದ ಆ ಕೊನೆಗೆ ಹೋಗಿ ಬಂದ ಸದ್ದು. ಆಗ ಇಸಿಯು ನೋಡುವುದು ವೋಲ್ಟನ್ನು ಮಾತ್ರ. ಕವಾಟದ ಮುಖವನ್ನು ಅದು ಹುಟ್ಟಿದಾಗಿನಿಂದ ಕಂಡಿಲ್ಲ. ಅದಕ್ಕಿರುವುದು ಅನುಮಾನಪ್ರಮಾಣ ಒಂದೇ. ತಾರ್ಕಿಕರ ಕ್ರಮದಲ್ಲಿ ಬಿಡಿಸಿದರೆ: ಕವಾಟ ತೆರೆದಿದೆ, ಪ್ರತಿಜ್ಞೆ. ನಾಲ್ಕು ವೋಲ್ಟ್ ಬರುತ್ತಿರುವುದರಿಂದ, ಹೇತು. ಎಲ್ಲೆಲ್ಲಿ ನಾಲ್ಕು ವೋಲ್ಟೋ ಅಲ್ಲಲ್ಲಿ ತೆರೆದ ಕವಾಟ, ಕಾರ್ಖಾನೆಯಲ್ಲಿ ಕಂಡಂತೆ, ಉದಾಹರಣೆ. ಉಪನಯ, ನಿಗಮನಗಳನ್ನು ಓದುಗರೇ ಕೂರಿಸಿಕೊಳ್ಳಬಹುದು. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ನೈಯಾಯಿಕರ ಹಳೆಯ ಕಸುಬು. ಹೊಗೆ ಉಗುಳುವ ಗಾಡಿಯಲ್ಲೇ ಕೂತ ಇಸಿಯು ಮಾತ್ರ ಹೊಗೆಯ ಗೊಡವೆಗೇ ಹೋಗದೆ ವೋಲ್ಟಿನಿಂದ ಬಾಗಿಲನ್ನು ಊಹಿಸುತ್ತದೆ. ಹೇತು ಇದ್ದೂ ಸಾಧ್ಯ ಇಲ್ಲದಿದ್ದರೆ ಅದು ಸವ್ಯಭಿಚಾರ. ಪ್ರಸ್ತುತ ಶಾಸ್ತ್ರದ ಗುರಿ ಆ ದೋಷವನ್ನು ಸೋಲ್ಡರ್ ಹಾಕಿ ಗಟ್ಟಿಮಾಡುವುದು.

ಹೊಸ ಸೈಲೆನ್ಸರಿನಲ್ಲಿ ಕವಾಟವಿಲ್ಲ, ಸರ್ವೋಗೆ ಕೆಲಸವಿಲ್ಲ; ಆದರೂ ಇಸಿಯುವಿಗೆ ಉತ್ತರ ಬೇಕು, ಬಾರದಿದ್ದರೆ ಹಳದಿ ದೀಪ. ಇದಕ್ಕೆ ಪರಿಹಾರ ಹೇಳುವ ಪೂರ್ವಪಕ್ಷಗಳು ಮೂರು. ಛೇದವಾದಿಗಳು ಸರ್ವೋವಿನ ಕಪ್ಲರನ್ನು ಎಳೆದು ಬಿಸಾಡಿ ಎನ್ನುತ್ತಾರೆ. ಎಳೆದರೆ ಸುಜುಕಿ ಸಿ46 ಎಂಬ ದೋಷಸಂಖ್ಯೆ ತೋರಿಸುತ್ತದೆ. ಯಮಹಾದಲ್ಲಿ 17 ಇಲ್ಲವೇ 18, ಕವಾಸಾಕಿಯಲ್ಲಿ 34 ಇಲ್ಲವೇ 63. ವಾದ ಅಲ್ಲಿಗೆ ಮುಗಿಯಿತು. ಅಚಲವಾದಿಗಳು ಎರಡು ರೆಸಿಸ್ಟರ್ ಸೇರಿಸಿ ಎರಡೂವರೆ ವೋಲ್ಟನ್ನು ಸದಾಕಾಲ ಕೊಡುತ್ತಾರೆ. ಇಸಿಯು ತೆರೆ ಎಂದಿತು, ಎರಡೂವರೆ. ಮುಚ್ಚು ಎಂದಿತು, ಎರಡೂವರೆ. ಕವಾಟ ಸಿಕ್ಕಿಕೊಂಡಿದೆ ಎಂದು ಅದು ತೀರ್ಪು ಕೊಟ್ಟು ದೀಪ ಹಚ್ಚುತ್ತದೆ. ಮೂರನೆಯವರು ರಜ್ಜುವಾದಿಗಳು: ಕೇಬಲ್ ಎರಡನ್ನು ಮಾತ್ರ ಬಿಚ್ಚಿ, ಸರ್ವೋ ಇದ್ದಲ್ಲೇ ಇರಲಿ, ಬರಿದೇ ತಿರುಗುತ್ತಿರಲಿ ಎನ್ನುತ್ತಾರೆ. ಬಹಳಷ್ಟು ಗಾಡಿಗಳಲ್ಲಿ ಇದು ಕಾಸು ಖರ್ಚಿಲ್ಲದೆ ನಡೆದುಹೋಗುತ್ತದೆ. ಈ ಪಕ್ಷಕ್ಕೆ ಖಂಡನೆಯಿಲ್ಲ. ಆದ್ದರಿಂದಲೇ ವಿದ್ವಾಂಸರು ಇದನ್ನು ಉಲ್ಲೇಖಿಸುವುದಿಲ್ಲ.

ಸಿದ್ಧಾಂತ: ಸರ್ವೋವಿನ ಜಾಗದಲ್ಲಿ ಎಟಿಟೈನಿ85 ಎಂಬ ಚಿಪ್ಪು. ಕಡಲೆಬೀಜದಷ್ಟು ಗಾತ್ರ, ಎಂಟು ಕಾಲು, ಎಂಟು ಕಿಲೋಬೈಟ್ ನೆನಪು. ಮೋಟರಿನ ಎರಡು ವೈರುಗಳಿಗೆ ಎರಡು ಆಪ್ಟೋಕಪ್ಲರುಗಳನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಬೇಕು, ಒಂದೊಂದಕ್ಕೆ ಒಂದೊಂದು ಕಿಲೋ ಓಮ್ ಕಾವಲು. ವಿದ್ಯುತ್ತು ಈ ದಿಕ್ಕಿಗೆ ಹರಿದರೆ ಮೊದಲನೆಯದು ಒಳಗೊಳಗೇ ಬೆಳಗುತ್ತದೆ, ಆ ದಿಕ್ಕಿಗೆ ಹರಿದರೆ ಎರಡನೆಯದು. ಹನ್ನೆರಡು ವೋಲ್ಟಿನ ಮಡಿಯೂ ಐದು ವೋಲ್ಟಿನ ಮಡಿಯೂ ಹೀಗೆ ಕೆಡದೆ ಉಳಿಯುತ್ತವೆ. ಮಲ್ಟಿಮೀಟರ್ ಹಿಡಿದು, ಮೂಲ ಸರ್ವೋ ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು ಎಂದು ಮೊದಲೇ ಬರೆದಿಟ್ಟುಕೊಂಡಿರಬೇಕು. ಗಾಡಿಯಿಂದ ಗಾಡಿಗೆ ಪಾಠಾಂತರ ಇದೆ. ಒಂದು ಮತ್ತು ನಾಲ್ಕು ವೋಲ್ಟ್ ಎಂದಿಟ್ಟುಕೊಂಡರೆ ಚಿಪ್ಪಿನ ಲೆಕ್ಕದಲ್ಲಿ ಅವು 51 ಮತ್ತು 204. ಪ್ರೋಗ್ರಾಮಿನ ಪೂರ್ಣಪಾಠ ಇಷ್ಟೆ: ತೆರೆ ಎಂದರೆ ಒಂದು ಕೂಡು, ಮುಚ್ಚು ಎಂದರೆ ಒಂದು ಕಳೆ, 51ರ ಕೆಳಗಿಳಿಯಬೇಡ, 204ರ ಮೇಲೇರಬೇಡ, ಏನೂ ಹೇಳದಿದ್ದರೆ ಇದ್ದಲ್ಲೇ ಇರು. ಆ ಲೆಕ್ಕಕ್ಕೆ ತಕ್ಕಂತೆ ಚಿಪ್ಪಿನಿಂದ ಹೊರಬಂದ ಮಿಡಿತಗಳನ್ನು ಒಂದು ರೆಸಿಸ್ಟರು, ಒಂದು ಕೆಪಾಸಿಟರು ನಯಮಾಡಿ ಸಿಗ್ನಲ್ ವೈರಿಗೆ ದಾಟಿಸುತ್ತವೆ.

ಇಲ್ಲೊಂದು ಸೂಕ್ಷ್ಮ. ಕೂಡುವುದು ಕಳೆಯುವುದೆಲ್ಲ ನಿಧಾನವಾಗಿ, ಒಂದೊಂದು ಹೆಜ್ಜೆಗೆ ಹತ್ತು ಮಿಲಿಸೆಕೆಂಡಿನಂತೆ ಆಗಬೇಕು. ಪೂರ್ತಿ ಪಯಣಕ್ಕೆ ಒಂದೂವರೆ ಸೆಕೆಂಡು. ಚಿಪ್ಪಿಗೆ ಇದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸುವ ಶಕ್ತಿಯಿದೆ, ಆದರೆ ಕೂಡದು. ಹೋಟೆಲಿನಲ್ಲಿ ಕೂತು ಸ್ಥಳ ಮಹಜರು ಬರೆಯುವ ಅನುಭವಸ್ಥ ರೆವಿನ್ಯೂ ಇನ್‌ಸ್ಪೆಕ್ಟರೂ ಹಾಗೇ ಮಾಡುವುದು: ಹೊಲಕ್ಕೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಕಳೆದು, ಇನ್ನೊಂದು ಕಾಫಿ ಕುಡಿದು, ಆಮೇಲೆ ಕಡತ ಮೇಲಕ್ಕೆ ಕಳಿಸುತ್ತಾನೆ.

ಕೆಲವು ಇಸಿಯುಗಳು ಮೋಟರ್ ಕರೆಂಟ್ ಎಳೆಯುತ್ತಿದೆಯೇ ಎಂದೂ ವಿಚಾರಿಸುತ್ತವೆ. ಅವಕ್ಕೆ ಮೋಟರಿನ ಬದಲು ನೂರು ಓಮಿನ ರೆಸಿಸ್ಟರು. ಹನ್ನೆರಡು ವೋಲ್ಟಿಗೆ ಅದು ಸುಮಾರು ಒಂದೂವರೆ ವ್ಯಾಟ್ ಕಾಯುವುದರಿಂದ ಐದು ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರೇ ಬೇಕು; ಕಾಲು ವ್ಯಾಟಿನದನ್ನು ಹಾಕಿದವನಿಗೆ ಸೀಟಿನ ಕೆಳಗಿಂದ ಹೊಗೆ ಪ್ರತ್ಯಕ್ಷಪ್ರಮಾಣವಾಗಿಯೇ ದೊರೆಯುತ್ತದೆ. ಸಾಮಗ್ರಿಯೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಸಿಗಲು ಒದ್ದಾಡಿಸುವುದು ಗಾಡಿಯ ಕಪ್ಲರಿಗೆ ಸರಿಯಾಗಿ ಕೂರುವ ಜೋಡಿ ಕಪ್ಲರು ಮಾತ್ರ. ವೈರ್ ಕತ್ತರಿಸಿ ಬೆಸೆಯುವುದು ಶಾಸ್ತ್ರಬಾಹಿರ. ಗಾಡಿ ಮಾರುವ ದಿನ ಗೊತ್ತಾಗುತ್ತದೆ.

ಫಲವೇನು? ದೀಪ ಆರುತ್ತದೆ. ನಡುವಿನ ಆರ್‌ಪಿಎಂನಲ್ಲಿ ಪಿಕಪ್ ತುಸು ಕುಗ್ಗುವುದುಂಟು. ಆದರೆ ಸದ್ದು ಏರಿರುವುದರಿಂದ ಸವಾರನಿಗೆ ಗಾಡಿ ಮೊದಲಿಗಿಂತ ಜೋರಾಗಿ ಓಡುತ್ತಿದೆ ಎಂಬ ನಿಶ್ಚಯಜ್ಞಾನ ಉಂಟಾಗುತ್ತದೆ, ಅದೂ ಅನುಮಾನವೇ. ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ, ಮತ್ತು ಇಸಿಯುವಿಗೆ ಕಿವಿಯಿಲ್ಲದಿದ್ದರೂ ಟ್ರಾಫಿಕ್ ಪೊಲೀಸರಿಗೆ ಇದೆ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವವರ ಮುಂದೆ ಎಟಿಟೈನಿ85ರ ಸಾಕ್ಷ್ಯ ನಡೆಯದು.

ಮುಂದಿನ ಸಂಶೋಧಕರಿಗೆ ಕ್ಷೇತ್ರ ವಿಶಾಲವಾಗಿದೆ. ಆಕ್ಸಿಜನ್ ಸೆನ್ಸರಿಗೊಂದು ಹುಸಿ ಸಾಕ್ಷಿ ಆಗಲೇ ಬಳಕೆಯಲ್ಲಿದೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಒಂದು ತುಂಡು ವೈರು ಸಾಕು. ಥ್ರಾಟಲ್, ಬಿಸಿ, ಗಾಳಿಯೊತ್ತಡ, ಕ್ರ್ಯಾಂಕಿನ ಸುತ್ತು ಎಲ್ಲದಕ್ಕೂ ಒಂದೊಂದು ಎಂಟು ಕಾಲಿನ ಪ್ರತಿನಿಧಿಯನ್ನು ನೇಮಿಸಿದರೆ, ಕೊನೆಗೆ ಮೇಜಿನ ಮೇಲೆ ಒಂದು ಬ್ಯಾಟರಿ, ಒಂದು ಇಸಿಯು, ಸುತ್ತ ಏಳೆಂಟು ಚಿಪ್ಪುಗಳು ಉಳಿಯುತ್ತವೆ. ಇಸಿಯುವಿನ ಮಟ್ಟಿಗೆ ಅದು ನೈಸ್ ರೋಡಿನಲ್ಲಿ ನಿರ್ದೋಷವಾಗಿ ಓಡುತ್ತಿರುವ ಬೈಕು. ಪೆಟ್ರೋಲ್ ಖರ್ಚಿಲ್ಲ, ಸದ್ದಿಲ್ಲ, 52ನೇ ಕಲಮಿನ ಭಯವಿಲ್ಲ. ಟೋಲ್ ಕಟ್ಟಬೇಕೇ ಎಂಬ ಬಗ್ಗೆ ಮಾತ್ರ ಆಚಾರ್ಯರಲ್ಲಿ ಭಿನ್ನಾಭಿಪ್ರಾಯವಿದೆ.